ಎಲ್ಲ ಬಣ್ಣದ ಕೈ

ಕೈ ಕೆಸರಾದರೆ ಬಾಯಿ ಮೊಸರಂತೆ. ಕೆಸರು ಯಾರ ಕೈಗೆ, ಮೊಸರು ಯಾರ ಬಾಯಿಗೆ ಅನ್ನೋದನ್ನ ಆ ಗಾದೆ ಕಟ್ಟಿದ ಪುಣ್ಯಾತ್ಮ ಹೇಳದೇ ಹೋದ. ಒಂದು ಶುಕ್ರವಾರ ಸಂಜೆ ಚಿಕ್ಕಮ್ಮನ ಮನೆಯ ಬಚ್ಚಲ ಬಾಗಿಲಲ್ಲಿ ಬಂದು ನಿಂತಿದ್ದರೆ ಅವನಿಗೂ ಗೊತ್ತಾಗುತ್ತಿತ್ತು.

ಚಿಕ್ಕಮ್ಮ ಅಂದರೆ ಯಾರಿಗೂ ಚಿಕ್ಕಮ್ಮ ಅಲ್ಲ. ಕೆಲಸಕ್ಕೆ ಹೋಗುವವರ ಮಕ್ಕಳನ್ನು ಬೆಳಿಗ್ಗೆಯಿಂದ ಸಂಜೆವರೆಗೆ ತನ್ನ ಬಾಡಿಗೆ ಮನೆಯಲ್ಲೇ ನೋಡಿಕೊಳ್ಳುವವಳು. ಮಕ್ಕಳು ಚಿಕ್ಕಮ್ಮ ಅಂದವು, ಅವರ ಅಪ್ಪ ಅಮ್ಮಂದಿರೂ ಅಂದರು, ಆಮೇಲೆ ಹಾಲಿನವನೂ ಗ್ಯಾಸಿನವನೂ ಹಾಗೇ ಕರೆಯತೊಡಗಿದರು. ಅಕ್ಕ ಅನ್ನುವವನು ಒಬ್ಬನೇ, ಅವಳ ತಮ್ಮ. ಗೋಡೆಗಳಿಗೆ ಬಣ್ಣ ಬಳಿಯುವ ಕೆಲಸ ಅವನದು. ಬಳಿದ ಮನೆಯೊಳಗೆ ಕಾಲಿಡಬೇಕಾದರೆ ಚಪ್ಪಲಿ ಬಿಡು ಅನ್ನುವವರನ್ನು ಕಂಡು ಕಂಡು ಅವನ ನಾಲಿಗೆ ಹರಿತವಾಗಿತ್ತು.

ಶುಕ್ರವಾರದ ಆ ಆಟಕ್ಕೆ ಮನೆಯಲ್ಲಿ ಗಲೀಜಾಟ ಅಂತ ಹೆಸರು. ಬೇಕು ಅಂತ ಕೇಳಿದವರು ಮಕ್ಕಳ ತಾಯಂದಿರೇ.

"ಕೈ ಹಾಕಿ ಕಲಸಿ ಆಡಿದ್ರೆ ಮಕ್ಕಳ ಬೆರಳು ಚುರುಕಾಗುತ್ತಂತೆ ಚಿಕ್ಕಮ್ಮ. ಮಾಡ್ಸಿ. ಆದ್ರೆ ಬಟ್ಟೆ ಮಾತ್ರ ಕೊಳೆ ಆಗ್ಬಾರ್ದು," ಅಂದಿದ್ದಳು ವಕೀಲರ ಹೆಂಡತಿ.

"ಈಜು ಕಲಿಸಿ, ಆದ್ರೆ ನೀರು ಸೋಕಿಸ್ಬೇಡಿ ಅಂದ ಹಾಗೆ," ಅಂದಿದ್ದ ತಮ್ಮ, ಅವಳು ಗೇಟು ದಾಟಿದ ಮೇಲೆ.

ಚಿಕ್ಕಮ್ಮ ಅದಕ್ಕೂ ಒಂದು ದಾರಿ ಮಾಡಿಕೊಂಡಿದ್ದಳು. ಮೈದಾ ಹಿಟ್ಟನ್ನು ನೀರಲ್ಲಿ ಕಾಯಿಸಿ ಅಂಟು ಮಾಡುವುದು, ಆರಿದ ಮೇಲೆ ಕೇಕಿಗೆ ಹಾಕುವ ಬಣ್ಣ ಕಲಸುವುದು. ಹಾಲ್‌ನಲ್ಲಿ ದಪ್ಪ ಪ್ಲಾಸ್ಟಿಕ್ ಹಾಸಿ, ಗಾಳಿಗೆ ಮಡಚಿಕೊಳ್ಳದಂತೆ ನಾಲ್ಕು ಮೂಲೆಗೂ ಇಟ್ಟಿಗೆ ಇಡುವುದು. ಬಂದ ಬಟ್ಟೆಯನ್ನು ಕಳಚಿ, ಮಡಿಸಿ, ಅವರವರ ಚೀಲದಲ್ಲಿಟ್ಟು, ತಾನೇ ಇಟ್ಟುಕೊಂಡಿರುವ ಹಳೆ ಬನಿಯನ್ ತೊಡಿಸುವುದು. ಕೈಗೆ ಮೊಣಕೈವರೆಗೆ ಎಣ್ಣೆ, ಬಣ್ಣ ಹಿಡಿಯದಿರಲಿ ಅಂತ. ಆಟ ಮುಗಿದ ಮೇಲೆ ಸಾಲಾಗಿ ಬಚ್ಚಲಿಗೆ. ಸಂಜೆ ಕರೆದೊಯ್ಯಲು ಬಂದವರಿಗೆ, ಅಂಗಡಿಯಿಂದ ಈಗ ತಾನೇ ಬಿಚ್ಚಿಕೊಟ್ಟಂತಹ ಮಕ್ಕಳು.

ಇವೆಲ್ಲಕ್ಕಿಂತ ದೊಡ್ಡ ಕಟ್ಟಳೆ ಇನ್ನೊಂದು. ಒಂದು ಮಗುವಿಗೆ ಒಂದೇ ಬಣ್ಣ. ವಕೀಲರ ಮಗಳು ಬೊಂಬೆಗೆ ಕೆಂಪು. ಅವಳಿ ಜವಳಿಗಳಿಗೆ ಹಳದಿ, ಹಸಿರು. ಇಲಿಮರಿಗೆ ನೀಲಿ. ಬಟ್ಟಲು ಬದಲಾಯಿಸುವ ಹಾಗಿಲ್ಲ. ಇದನ್ನು ಹೇಳಿಕೊಟ್ಟವನು ತಮ್ಮನೇ, ತಮಾಷೆಗೆ. "ಒಬ್ಬೊಬ್ರಿಗೆ ಒಂದೊಂದು ಕೊಡಕ್ಕ. ಗೋಡೆ ಮೇಲೆ ಯಾರ ಕೈ ಬಿತ್ತು ಅಂತ ಪೊಲೀಸರನ್ನ ಕರೆಸೋದು ಬೇಡ." ಚಿಕ್ಕಮ್ಮ ಅದನ್ನು ತಮಾಷೆಯಾಗಿ ಬಿಡಲಿಲ್ಲ. ಜಗಳ ಬಂದಾಗ, ಕೂದಲು ಎಳೆದಾಗ, ಪರದೆಗೆ ಮೆತ್ತಿದಾಗ ಅವಳು ಕೇಳುತ್ತಿದ್ದದ್ದು ಮಕ್ಕಳನ್ನಲ್ಲ, ಕಲೆಯನ್ನು. ಕಲೆ ಹಸಿರಿದ್ದರೆ ಹಸಿರಿನವಳು ಮೂಲೆಗೆ. "ಬಾಯಿ ಸುಳ್ಳು ಹೇಳುತ್ತೆ, ಬಣ್ಣ ಹೇಳಲ್ಲ," ಅಂತ ಶುಕ್ರವಾರಕ್ಕೊಂದು ಸಲವಾದರೂ ಅವಳ ಬಾಯಲ್ಲಿ ಬರುತ್ತಿತ್ತು. ಮಕ್ಕಳಿಗೂ ಬಾಯಿಪಾಠವಾಗಿತ್ತು.

ಇಲಿಮರಿ ಅಂತ ಹೆಸರು ಬಂದದ್ದು ಅವನ ಹಲ್ಲಿನಿಂದ. ಮೂರು ತುಂಬಿದ್ದರೂ ಮಾತು ಕಡಿಮೆ. ಹೇಳಲಾಗದ್ದನ್ನು ಕಚ್ಚಿ ಹೇಳುತ್ತಿದ್ದ. ಅವನಮ್ಮ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಅಪ್ಪ ಅನ್ನುವವನು ಇದ್ದನೋ ಇಲ್ಲವೋ, ಬಾಗಿಲಿಗೆ ಬಂದದ್ದಿಲ್ಲ. ಹಿಂದಿನ ವಾರ ಇಲಿಮರಿ ಬೊಂಬೆಯ ಭುಜಕ್ಕೆ ಬಾಯಿ ಹಾಕಿದ್ದ. ಆವತ್ತೇ ವಕೀಲರ ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದ್ದಳು: "ಇನ್ನೊಂದು ಸಲ ಹೀಗಾದ್ರೆ ಅವನೋ ನಾವೋ, ನೀವೇ ತೀರ್ಮಾನ ಮಾಡಿ." ಅವಳಿಗಳ ತಾಯಿಯೂ ಪಕ್ಕದಲ್ಲಿ ನಿಂತು ತಲೆಯಾಡಿಸಿದ್ದಳು.

ಆದರೆ ಗಲೀಜಾಟದಲ್ಲಿ ಇಲಿಮರಿ ಯಾರನ್ನೂ ಕಚ್ಚಿದವನಲ್ಲ. ನೀಲಿ ಬಟ್ಟಲಲ್ಲಿ ಎರಡೂ ಕೈ ಅದ್ದಿ ಕೂತರೆ ಮುಗಿಯಿತು. ಪ್ಲಾಸ್ಟಿಕ್ ಮೇಲೆ ಅಂಗೈ ಊರುತ್ತಿದ್ದ, ಎತ್ತುತ್ತಿದ್ದ, ಮೂಡಿದ್ದನ್ನು ನೋಡುತ್ತಿದ್ದ. ಮತ್ತೆ ಊರುತ್ತಿದ್ದ. "ನಂದು," ಅನ್ನುತ್ತಿದ್ದ. ಅವನ ಬಾಯಿಂದ ಸ್ಪಷ್ಟವಾಗಿ ಬರುತ್ತಿದ್ದ ಮಾತು ಅದೊಂದೇ. ಪ್ಲಾಸ್ಟಿಕ್ ತುಂಬ ನೀಲಿ ಅಂಗೈಗಳು. ನಂದು, ನಂದು, ನಂದು.

ಆ ಶುಕ್ರವಾರ ಎಲ್ಲ ತಡವಾಯಿತು. ಬೆಳಿಗ್ಗೆ ನಲ್ಲಿ ನೀರು ಕೈಕೊಟ್ಟು ಮಧ್ಯಾಹ್ನ ಬಂದಿತ್ತು. ತಾಯಂದಿರು ಬರುವ ಹೊತ್ತು ಹತ್ತಿರವಾದರೂ ಮಕ್ಕಳು ಇನ್ನೂ ಅಂಟಿನಲ್ಲೇ ಇದ್ದವು. ಚಿಕ್ಕಮ್ಮ ನಾಲ್ಕೂ ಬಟ್ಟಲಲ್ಲಿ ಉಳಿದದ್ದನ್ನು ಕೈಯಿಂದಲೇ ಬಳಿದು ಒಂದು ಬಕೆಟ್‌ಗೆ ಹಾಕಿದಳು. ಹಳದಿಯವನು ಅಳುತ್ತಿದ್ದ, ಅವನನ್ನು ಎಡಗಂಕುಳಿಗೆ ಏರಿಸಿಕೊಂಡಳು. ಒಳಗೆ ಫೋನು ಬಡಿದುಕೊಳ್ಳುತ್ತಿತ್ತು. ಬಚ್ಚಲ ಮುಂದೆ ಸಾಲು: ಮೊದಲು ಬೊಂಬೆ, ಹಿಂದೆ ಇಲಿಮರಿ, ಅವನ ಹಿಂದೆ ಹಸಿರಿನವಳು. ಬೊಂಬೆ ಹೊಸ್ತಿಲ ಬಳಿ ನಿಂತು, ಕಾಲ ಬೆರಳಿನಿಂದ ನೀರು ಮುಟ್ಟಿ ನೋಡುತ್ತ, ತಣ್ಣಗಿದೆ ಅಂತ ರಾಗ ತೆಗೆದಿದ್ದಳು.

"ನಡಿ ನಡಿ ನಡಿ, ಅಮ್ಮ ಬಂದ್ಬಿಡ್ತಾಳೆ, ನಡಿ ಬಂಗಾರ," ಅಂತ ಚಿಕ್ಕಮ್ಮ ಸಾಲಿನ ಪಕ್ಕದಲ್ಲಿ ಹಾದು ಒಳಗೆ ಹೊರಳಿದಳು. ನಲ್ಲಿ ತಿರುಗಿಸಲು ಕೈ ಚಾಚುವಷ್ಟರಲ್ಲಿ ಹಿಂದೆ ಧಡ್ ಅಂತ ಸದ್ದಾಯಿತು.

ಬೊಂಬೆ ಹೊಸ್ತಿಲ ಮೇಲೆ ಮುಖ ಕೆಳಗಾಗಿ ಬಿದ್ದಿದ್ದಳು. ಎತ್ತಿದರೆ ಗದ್ದ ಸೀಳಿತ್ತು. ಅಂಟಿನ ಕೆಂಪು ಯಾವುದು, ರಕ್ತ ಯಾವುದು ಅಂತ ತಿಳಿಯದ ಹಾಗಿತ್ತು. ಹಿಂದೆ ಇಲಿಮರಿ ಎರಡೂ ನೀಲಿ ಕೈ ಮುಂದೆ ಚಾಚಿಕೊಂಡು, ಬಾಯಿ ತೆರೆದು ನಿಂತಿದ್ದ.

ಆಮೇಲಿನದೆಲ್ಲ ಗಾಳಿಯಲ್ಲಿ ಹಾರಿದ ಹಾಗೆ. ಬೊಂಬೆಯ ಬನಿಯನ್ ಕಿತ್ತು ಬಾಗಿಲ ಹಿಂದೆ ಎಸೆದದ್ದು, ಟವೆಲ್ ಒತ್ತಿಹಿಡಿದದ್ದು, ಉಳಿದವರ ಮೈಮೇಲೆ ಒಬ್ಬೊಬ್ಬರಿಗೆ ಎರಡೆರಡು ಚೊಂಬು ನೀರು ಸುರಿದು ಬಟ್ಟೆ ತೊಡಿಸಿದ್ದು. ವಕೀಲರ ಹೆಂಡತಿ ಬಂದವಳೇ ಚೀರಿದಳು. ಅವಳಿಗಳ ತಾಯಿ ಅವಳ ಹಿಂದೆಯೇ ಬಂದಳು. ಇಲಿಮರಿಯ ಅಮ್ಮ, ಬಟ್ಟೆ ಒಗೆಯುವವಳು, ಗೇಟಿನ ಹತ್ತಿರವೇ ನಿಂತಳು, ಚಪ್ಪಲಿ ಬಿಡಲೂ ಧೈರ್ಯವಾಗದೆ.

"ಹೇಗಾಯ್ತು? ಯಾರು ಮಾಡಿದ್ದು?"

ಬೊಂಬೆ ಬಿಕ್ಕುತ್ತ, "ಹಿಂದಿಂದ..." ಅಂದಳು. ಅಷ್ಟೇ ಸಾಕಾಯಿತು. ಹಿಂದೆ ಇದ್ದವನು ಯಾರು ಅಂತ ಹೇಳಲು ಜ್ಯೋತಿಷಿ ಬೇಕಿರಲಿಲ್ಲ.

ಚಿಕ್ಕಮ್ಮ ಇಲಿಮರಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ನೀನು ತಳ್ಳಿದ್ಯಾ ಕಂದ?" ಅವನು ನೋಡಿದ. "ತಳ್ಳಿದ್ಯಾ? ಹೇಳಪ್ಪ." ಅವನು ತನ್ನ ಅಂಗೈ ನೋಡಿಕೊಂಡ. ತೊಳೆದು ಬೆಳ್ಳಗಾಗಿದ್ದವು. "ನಿಜ ಹೇಳಿದ್ರೆ ಯಾರೂ ಬೈಯಲ್ಲ. ನೀನೇ ತಾನೆ?" ಮೇಲೆ ನಿಂತ ದೊಡ್ಡವರ ಮುಖಗಳು, ಗೇಟಿನ ಬಳಿ ನಿಂತ ಅಮ್ಮನ ಮುಖ. ಎಲ್ಲರಿಗೂ ಯಾವುದೋ ಒಂದು ಉತ್ತರ ಬೇಕಾಗಿದೆ ಅಂತ ಅವನಿಗೆ ತಿಳಿಯಿತು. ಒಳ್ಳೆಯ ಹುಡುಗ, ಕೊಟ್ಟುಬಿಟ್ಟ. ಹೂಂ ಅಂತ ತಲೆಯಾಡಿಸಿದ.

ಯಾರೂ ಬೈಯಲ್ಲ ಅಂದದ್ದು ಸುಳ್ಳಾಗಲು ಉಸಿರು ಬಿಡುವಷ್ಟೂ ಹೊತ್ತು ಹಿಡಿಯಲಿಲ್ಲ.

"ನಾಳೆಯಿಂದ ಕರ್ಕೊಂಡು ಬರ್ಬೇಡಮ್ಮ," ಅಂದಳು ಚಿಕ್ಕಮ್ಮ, ಬಟ್ಟೆ ಒಗೆಯುವವಳ ಮುಖ ನೋಡದೆ. "ನನ್ ಕೈಲಿ ಆಗಲ್ಲ."

"ಶಿಫ್ಟ್ ಬಿಟ್ರೆ ಕೆಲಸದಿಂದ ತೆಗೀತಾರೆ ಚಿಕ್ಕಮ್ಮ. ಎಲ್ಲಿ ಬಿಡ್ಲಿ ಇವನ್ನ?"

ಅವಳು ಒಳಬಂದು, ಮಗನ ಚೀಲ ಹೆಗಲಿಗೇರಿಸಿ, ಎಲ್ಲರೂ ನೋಡಲಿ ಅನ್ನುವ ಹಾಗೆ ಅವನ ಕೆನ್ನೆಗೆ ಒಂದು ಬಾರಿಸಿ, ಎತ್ತಿಕೊಂಡು ಹೋದಳು. ಇಲಿಮರಿ ಅಳಲಿಲ್ಲ. ಅಮ್ಮನ ಭುಜದ ಮೇಲಿಂದ, ಮಡಚಿಟ್ಟ ಪ್ಲಾಸ್ಟಿಕ್ಕನ್ನೇ ನೋಡುತ್ತ ಹೋದ.

ಎಲ್ಲರೂ ಹೋದ ಮೇಲೆ ಚಿಕ್ಕಮ್ಮ ಮನೆ ತೊಳೆದಳು. ಸಂಜೆಯ ಬೆಳಕು ಇನ್ನೂ ಬಚ್ಚಲ ಕಿಟಕಿಯಲ್ಲಿತ್ತು. ಬಾಗಿಲ ಹಿಂದಿನ ಬನಿಯನ್ ಕೈಗೆ ಸಿಕ್ಕಿತು, ಅಂಟು ಒಣಗಿ ಹಪ್ಪಳದಂತೆ ಸೆಟೆದಿತ್ತು. ಎದೆಯ ಭಾಗದಲ್ಲಿ ರಕ್ತ. ಪ್ರತಿ ಶುಕ್ರವಾರ ಹೇಳುವ ಮಂತ್ರ ಬೇಕಾದ ಹೊತ್ತಿಗೆ ನೆನಪಾಗದೆ ಈಗ ನೆನಪಾಯಿತು. ನೀಲಿ ನೋಡೋಣ ಅಂತ ಬೆನ್ನಿನ ಭಾಗ ತಿರುಗಿಸಿದಳು.

ನೀಲಿ ಇರಲಿಲ್ಲ.

ಎರಡು ಭುಜದ ನಡುವೆ ಒಂದೇ ಒಂದು ಕೈ ಮೂಡಿತ್ತು. ಐದು ಬೆರಳು, ಅಂಗೈ, ಮಣಿಕಟ್ಟಿನ ಮೇಲ್ಭಾಗ. ಮಗುವಿನ ಕೈಯಲ್ಲ. ಬನಿಯನ್ನಿನ ಅರ್ಧ ಅಗಲ ಹಿಡಿದಿತ್ತು. ಬಣ್ಣ ಕೆಂಪಲ್ಲ, ಹಳದಿಯಲ್ಲ, ಹಸಿರಲ್ಲ. ಎಲ್ಲ ಬಣ್ಣ ಒಂದೇ ಬಕೆಟ್‌ನಲ್ಲಿ ಕಲಸಿದರೆ ಆಗುವ ಕೆಸರಿನ ಬಣ್ಣ.

ಚಿಕ್ಕಮ್ಮ ತನ್ನ ಬಲಗೈಯನ್ನು ಅದರ ಮೇಲಿಟ್ಟಳು. ಬೀಗಕ್ಕೆ ಬೀಗದ ಕೈ ಕೂತ ಹಾಗೆ ಕೂತಿತು.

ನಡಿ ನಡಿ ನಡಿ. ದಿನಕ್ಕೆ ಎಷ್ಟು ಸಲ ಯಾವ ಯಾವ ಬೆನ್ನಿನ ಮೇಲೆ ಆ ಕೈ ಬೀಳುತ್ತಿತ್ತೋ ಅವಳಿಗೇ ಲೆಕ್ಕವಿಲ್ಲ. ಅದು ತಳ್ಳುವುದಲ್ಲ, ಮುದ್ದೂ ಅಲ್ಲ, ಕೆಲಸ. ಸೌದೆ ಒಲೆಗೆ ದೂಡಿದ ಹಾಗೆ. ಅಂಟು ಬಿದ್ದ ನೆಲ, ನೀರು ಮುಟ್ಟಲು ಎತ್ತಿದ ಒಂದು ಕಾಲು, ಹಿಂದಿನಿಂದ ಅವಸರದ ಒಂದು ಕೈ.

ತಮ್ಮ ಬಂದಾಗ ಅವಳು ಹೊಸ್ತಿಲ ಮೇಲೆ ಕೂತೇ ಇದ್ದಳು. ಅವನು ಬನಿಯನ್ ನೋಡಿದ, ಅವಳ ಕೈ ನೋಡಿದ. ನಡೆದದ್ದನ್ನು ಹೇಳಿಸಿಕೊಂಡ.

"ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸ್ತಂತೆ," ಅಂದ.

"ನಾನೇನು ಬೇಕಂತ ಮಾಡಿದ್ನಾ?"

"ಕೋತಿಯೂ ಬೇಕಂತ ಮಾಡಿರಲ್ಲಕ್ಕ. ಒರೆಸೋಕೆ ಹತ್ತಿರ ಮೇಕೆ ಸಿಕ್ತು, ಒರೆಸ್ತು. ವಕೀಲರ ಮಗಳ ಮೂತಿಗೆ ಒರೆಸ್ತಿತ್ತಾ?"

"ಸುಮ್ನಿರು."

"ಸುಮ್ನೇ ಇರ್ತೀನಿ. ಸೋಪು ಅಲ್ಲೇ ಇದೆ, ಬಿಸಿನೀರೂ ಇದೆ. ಕೇಕ್ ಬಣ್ಣ, ಒಂದೇ ತಿಕ್ಕಿಗೆ ಹೋಗುತ್ತೆ. ಆ ಹುಡುಗ ಹೇಗೂ ಒಪ್ಕೊಂಡಿದಾನೆ."

ಚಿಕ್ಕಮ್ಮ ಸೋಪು ನೋಡಿದಳು. ಸುಳ್ಳು ಯಾಕೆ, ಕೈಗೂ ತೆಗೆದುಕೊಂಡಳು. ಸತ್ಯ ಹೇಳಿದರೆ ಡೇ ಕೇರ್ ಮುಚ್ಚಿದ ಹಾಗೇ. ಗಂಡ ಹೋದ ಮೇಲೆ ಈ ಮನೆ ನಿಂತಿರುವುದೇ ಈ ಮಕ್ಕಳ ಮೇಲೆ. ಹೇಳದಿದ್ದರೆ ಒಂದು ಮಗುವಿನ ಜಾಗ ಹೋಗುತ್ತದೆ, ಅಷ್ಟೇ. ಅಷ್ಟೇ ಅನ್ನುವ ಮಾತು ಬಾಯೊಳಗೆ ಕಲ್ಲಿನ ಹಾಗೆ ಹೊರಳಿತು. ಸೋಪನ್ನು ಮತ್ತೆ ಗೂಡಿಗಿಟ್ಟಳು. ಬನಿಯನ್ನನ್ನು ತಂತಿಗೆ ಹಾಕಿದಳು, ಬೆನ್ನು ಹೊರಗೆ ಮಾಡಿ.

ಸೋಮವಾರ ಬೆಳಿಗ್ಗೆ ತಾಯಂದಿರು ಬಂದರು. ಬೊಂಬೆಯ ಗದ್ದಕ್ಕೆ ಹೊಲಿಗೆ ಬಿದ್ದಿತ್ತು, ಮೇಲೆ ಬಿಳಿ ಪಟ್ಟಿ. ಚಿಕ್ಕಮ್ಮ ಬನಿಯನ್ ಹಿಡಿದು ಬಾಗಿಲಲ್ಲೇ ನಿಂತಳು. ಎಲ್ಲ ಹೇಳಿದಳು. ತನ್ನ ಕೈಯನ್ನು ಆ ಕೈಯ ಮೇಲಿಟ್ಟೂ ತೋರಿಸಿದಳು. ಆಮೇಲೆ ಬೈಗುಳಕ್ಕೆ ಕಾದಳು.

ಬೈಗುಳ ಬರಲಿಲ್ಲ. ಇನ್ನೂ ಕೆಟ್ಟದ್ದು ಬಂತು.

ವಕೀಲರ ಹೆಂಡತಿ ಗಡಿಯಾರ ನೋಡಿಕೊಂಡಳು. "ಅಯ್ಯೋ, ಬಿಡಿ ಚಿಕ್ಕಮ್ಮ. ನೀವೇನು ಬೇಕಂತ ಮಾಡಿದ್ರಾ? ಮಕ್ಕಳಿರೋ ಮನೇಲಿ ಇದೆಲ್ಲ ಇದ್ದದ್ದೇ."

"ಶುಕ್ರವಾರ ಹಾಗನ್ಲಿಲ್ಲ ನೀವು."

"ಆವತ್ತು ಅವನು ಅಂದ್ಕೊಂಡಿದ್ವಲ್ಲ."

ಚಿಕ್ಕಮ್ಮನಿಗೆ ಅದು ಬಿಡುಗಡೆಯೋ ನಾಚಿಕೆಯೋ ತಿಳಿಯಲಿಲ್ಲ. ಎರಡು ದಿನ ಯಾವ ಹಾವಿಗೆ ಹೆದರಿದ್ದಳೋ ಅದು ಹಗ್ಗವಾಗಿತ್ತು. ಆದರೆ ಆ ಹಗ್ಗದಿಂದ ಆಗಲೇ ಒಬ್ಬನನ್ನು ಕಟ್ಟಿಯಾಗಿತ್ತು. "ಹಾಗಾದ್ರೆ ಆ ಮಗೂನ ವಾಪಸ್ ಕರೆಸ್ತೀನಿ," ಅಂದಳು.

ಈಗ ಮುಖಗಳು ಬದಲಾದವು.

"ಅದು ಬೇರೆ ವಿಷಯ," ಅಂದಳು ಅವಳಿಗಳ ತಾಯಿ. "ಅವನು ಕಚ್ಚೋದು ನಿಜ ತಾನೆ? ಇವತ್ತು ತಳ್ಳಿಲ್ಲ, ನಾಳೆ ತಳ್ತಾನೆ. ಹೋಗಿದ್ದು ಹೋಯ್ತು, ಒಳ್ಳೇದೇ ಆಯ್ತು ಅಂದ್ಕೊಳ್ಳಿ."

"ಅವನು ಏನೂ ಮಾಡ್ಲಿಲ್ಲಮ್ಮ."

"ಏನೂ ಮಾಡ್ದೇ ಇರೋನು ಹೂಂ ಅಂತಾನಾ?" ಅಂದಳು ವಕೀಲರ ಹೆಂಡತಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತರಕಾರಿ ಆರಿಸುವಾಗ ಕೊಳೆತದ್ದನ್ನು ಪಕ್ಕಕ್ಕಿಡುವ ದನಿ. "ನೋಡಿ ಚಿಕ್ಕಮ್ಮ, ನಿಮ್ಮ ಮೇಲೆ ನಮಗೆ ನಂಬಿಕೆ ಇದೆ. ಅದನ್ನ ಹಾಳು ಮಾಡ್ಕೋಬೇಡಿ."

ಅವಳ ತಪ್ಪಿಗೆ ಒಂದು ಗಳಿಗೆಯಲ್ಲಿ ಕ್ಷಮೆ ಸಿಕ್ಕಿತ್ತು. ಅವನ ತಪ್ಪಿಲ್ಲದಿರುವುದಕ್ಕೆ ಸಿಗಲಿಲ್ಲ. ಅದು ಹೇಗೆ ಅಂತ ಕೇಳಬೇಡಿ. ಕೇಳಿದವರಿಗೆ ಈ ಊರುಗಳಲ್ಲಿ ಹೆಸರಿಡುತ್ತಾರೆ.

ಆವತ್ತು ಮಧ್ಯಾಹ್ನ ಮಕ್ಕಳು ಮಲಗಿದಾಗ ತಮ್ಮನನ್ನು ಕಾವಲಿಗೆ ಕೂರಿಸಿ ಚಿಕ್ಕಮ್ಮ ಬನಿಯನ್ ಹಿಡಿದು ಹೊರಟಳು. ಇಲಿಮರಿಯ ಮನೆ ಆಸ್ಪತ್ರೆಯ ಹಿಂದಿನ ಓಣಿಯಲ್ಲಿ, ಹೊಲಿಗೆ ಅಂಗಡಿಯ ಮೇಲಿನ ಕೋಣೆ. ಮೇಲೆ ಹತ್ತಬೇಕಾಗಲಿಲ್ಲ. ಇಲಿಮರಿ ಕೆಳಗಡೆ, ಅಂಗಡಿಯಲ್ಲೇ ಸಿಕ್ಕ. ಸೊಂಟಕ್ಕೆ ಬಟ್ಟೆಯ ಅಂಚಿನ ಪಟ್ಟಿ ಸುತ್ತಿ, ಅದರ ಇನ್ನೊಂದು ತುದಿಯನ್ನು ಮೇಜಿನ ಕಾಲಿಗೆ ಕಟ್ಟಿದ್ದರು.

"ಕತ್ತರಿ, ಸೂಜಿ ಎಲ್ಲ ಇರುತ್ತಲ್ಲ, ಅದಕ್ಕೆ," ಅಂದ ಹೊಲಿಗೆಯವ, ಅವಳು ಕೇಳುವ ಮೊದಲೇ. "ಪಾಪ ಅವರಮ್ಮಂಗೆ ಬೇರೆ ಯಾರಿದಾರೆ. ಒಳ್ಳೇ ಹುಡುಗ ಬಿಡಿ, ಏನೂ ಮುಟ್ಟಲ್ಲ."

ನಿಜಕ್ಕೂ ಮುಟ್ಟುತ್ತಿರಲಿಲ್ಲ. ಸುತ್ತ ಬಣ್ಣ ಬಣ್ಣದ ಚಿಂದಿ ಬಿದ್ದಿತ್ತು. ಅವನು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ.

ಚಿಕ್ಕಮ್ಮ ಗಂಟು ಬಿಚ್ಚಿದಳು. ಬನಿಯನ್ ಹರಡಿ ಅವನ ಮುಂದಿಟ್ಟಳು. "ನೋಡು ಕಂದ. ಇದು ಯಾರ ಕೈ? ನಿಂದು ನೀಲಿ ಅಲ್ವಾ? ಇದು ನೀಲಿ ಇದೆಯಾ? ಇಲ್ಲ. ಇದು ನಂದು. ನೋಡು. ತಳ್ಳಿದ್ದು ಚಿಕ್ಕಮ್ಮ. ನೀನಲ್ಲ."

ಇಲಿಮರಿ ಬನಿಯನ್ ನೋಡಿದ, ಅವಳ ಮುಖ ನೋಡಿದ. ಅವನ ತುಟಿ ಅಲುಗಿತು. ವರ್ಷವಿಡೀ ಎರಡು ಪದ ಕೂಡಿಸಿ ಮಾತಾಡದವನು, ಈಗ ಸ್ಪಷ್ಟವಾಗಿ ಅಂದ:

"ನಾನೇ ತಳ್ಳಿದ್ದು."

"ಇಲ್ಲಪ್ಪ..."

"ನಾನೇ ತಳ್ಳಿದ್ದು. ಇನ್ಮೇಲೆ ತಳ್ಳಲ್ಲ."

ಬಾಗಿಲಲ್ಲಿ ಅವನಮ್ಮ ಬಂದು ನಿಂತಿದ್ದಳು. ಊಟದ ಬಿಡುವಿಗೆ ಮಗನನ್ನು ನೋಡಿಹೋಗಲು ಬಂದವಳು. ಸೋಪಿನ ನೀರಿಗೆ ಬೆರಳ ತುದಿಗಳೆಲ್ಲ ನೆರಿಗೆಗಟ್ಟಿದ್ದವು. "ಎರಡು ದಿನ ಹೊಡೆದು ಹೊಡೆದು ಕಲಿಸಿದೀನಿ ಆ ಮಾತನ್ನ," ಅಂದಳು. "ಒಪ್ಕೋ, ಒಪ್ಕೊಂಡ್ರೆ ಚಿಕ್ಕಮ್ಮ ಮತ್ತೆ ಸೇರಿಸ್ಕೋತಾರೆ ಅಂತ. ಇವತ್ತು ನೀವು ಬಂದು ಬೇರೆ ಪಾಠ ಹೇಳಿಕೊಡ್ತಿದೀರ."

ಚಿಕ್ಕಮ್ಮ ಬನಿಯನ್ನನ್ನು ಮಡಿಸಿಕೊಂಡಳು. "ತಪ್ಪಾಯ್ತಮ್ಮ. ನಾಳೆಯಿಂದ ಕರ್ಕೊಂಡು ಬಾ," ಅಂದಳು. "ಯಾರು ಬಿಟ್ಟು ಹೋಗ್ತಾರೋ ಹೋಗ್ಲಿ."

"ಬರದೇ ಏನು ಮಾಡ್ಲಿ," ಅಂದಳು ಅವಳು, ನೆಲ ನೋಡುತ್ತ. "ಮುಖಕ್ಕೆ ಉಗಿದು ಹೋಗೋಣ ಅನ್ಸುತ್ತೆ. ಉಗಿದ್ಮೇಲೆ ಇವನ್ನ ಬಿಡೋಕೆ ಜಾಗ ಬೇಕಲ್ಲ."

ಇಲಿಮರಿ ಬಂದ. ಬೊಂಬೆ ಮಾರನೇ ದಿನದಿಂದ ಬರಲಿಲ್ಲ. ವಾರ ಕಳೆಯುವಷ್ಟರಲ್ಲಿ ಅವಳಿಗಳೂ ನಿಂತರು. ಚಿಕ್ಕಮ್ಮನ ಮನೆಯಲ್ಲಿ ಕಚ್ಚುವ ಹುಡುಗನಿದ್ದಾನೆ, ಜೊತೆಗೆ ಅವಳೇ ಮಕ್ಕಳನ್ನು ತಳ್ಳುತ್ತಾಳಂತೆ ಅಂತ ಬೀದಿಯಲ್ಲಿ ಮಾತು ಬಂತು. ಬಾಗಿಲಲ್ಲಿ ಕ್ಷಮಿಸಿದವರೇ ಗೇಟಿನಾಚೆ ಅದನ್ನು ಚಿಲ್ಲರೆ ಮಾಡಿ ಹಂಚಿದ್ದರು.

ಮುಂದಿನ ಶುಕ್ರವಾರ ಚಿಕ್ಕಮ್ಮ ಒಂದು ಮಗುವಿಗಾಗಿ ಪ್ಲಾಸ್ಟಿಕ್ ಹಾಸಿದಳು. ನಾಲ್ಕು ಮೂಲೆಗೂ ಇಟ್ಟಿಗೆ ಇಟ್ಟಳು. ನಾಲ್ಕು ಬಟ್ಟಲಲ್ಲೂ ಬಣ್ಣ ಕಲಸಿ, ನಾಲ್ಕನ್ನೂ ಇಲಿಮರಿಯ ಮುಂದಿಟ್ಟಳು. "ಎಲ್ಲ ನಿಂದೇ ಇವತ್ತು. ಯಾವುದು ಬೇಕಾದ್ರೂ ತಗೋ."

ಅವನು ಎಣ್ಣೆ ಹಚ್ಚಿಸಿಕೊಂಡ, ಬನಿಯನ್ ತೊಡಿಸಿಕೊಂಡ. ಬಂದು ಕೂತ. ಕೈಗಳನ್ನು ತೊಡೆಯ ಕೆಳಗೆ ಸೇರಿಸಿದ.

"ನೋಡಿಲ್ಲಿ," ಅಂತ ಚಿಕ್ಕಮ್ಮ ನೀಲಿಯಲ್ಲಿ ಕೈ ಅದ್ದಿದಳು. ಕೆಂಪಲ್ಲಿ ಅದ್ದಿದಳು. ಹಳದಿ, ಹಸಿರು. ಪ್ಲಾಸ್ಟಿಕ್ ಮೇಲೆ ಅಂಗೈ ಊರಿ ಎತ್ತಿದಳು. ಕೆಸರು ಬಣ್ಣದ ಒಂದು ದೊಡ್ಡ ಕೈ ಮೂಡಿತು. "ಯಾರದಿದು? ಹೇಳು. ನಂದು. ಈಗ ನಿಂದೆಲ್ಲಿ?"

ಹೊರಗೆ ಯಾರೋ ಗೇಟು ಸರಿಸಿದ ಸದ್ದಾಯಿತು. ಬೀದಿಯ ಯಾವ ಮನೆಯದೋ. ಇಲಿಮರಿ ಬೆಚ್ಚಿ ಬಾಗಿಲ ಕಡೆ ನೋಡಿದ. ಎದ್ದ. ಬಚ್ಚಲಿಗೆ ಹೋಗಿ, ತನ್ನ ಕೈಗೆ ಭಾರವಾಗುವ ಚೊಂಬಿನಲ್ಲಿ ಅರ್ಧ ನೀರು ತುಂಬಿಕೊಂಡು, ಚೆಲ್ಲುತ್ತ ಚೆಲ್ಲುತ್ತ ತಂದು ಅವಳ ಮುಂದಿಟ್ಟ.

"ತೊಳ್ಕೋ ಚಿಕ್ಕಮ್ಮ," ಅಂದ, ಪಿಸುದನಿಯಲ್ಲಿ. "ಬೇಗ ತೊಳ್ಕೋ. ಅವರು ಬರ್ತಾರೆ."